ಉಣುಗಿನ ಸಾಹೇಬರ ಒಂದು ಕಾಯಿ ಬಾಕಿ

ತಾಳಗುಪ್ಪದಲ್ಲಿ ರೈಲಿನ ಹಳಿ ಮುಗಿಯುತ್ತದೆ. ಅದನ್ನು ನೋಡಬೇಕೆಂಬ ಆಸೆಯೇನೂ ನನಗಿರಲಿಲ್ಲ. ನಾನು ಇಳಿಯಬೇಕಾಗಿದ್ದುದು ಅದಕ್ಕಿಂತ ಮೊದಲು ಸಿಗುವ ಸಾಗರ ಜಂಬಗಾರು ನಿಲ್ದಾಣದಲ್ಲಿ. ಬೆಂಗಳೂರಿನಲ್ಲಿ ರಾತ್ರಿ ಗಾಡಿ ಹತ್ತಿದಾಗ ಕೆಳಗಿನ ಬರ್ತಿನವರು, “ನೀವು ನಿಶ್ಚಿಂತೆಯಿಂದ ಮಲಗಿ ಸಾರ್, ಸಾಗರ ಬಂದಾಗ ನಾನು ಎಬ್ಬಿಸುತ್ತೇನೆ” ಎಂದು ಭರವಸೆ ಕೊಟ್ಟಿದ್ದರು. ಜೋಗಕ್ಕೆ ಹೊರಟಿದ್ದ ಆ ಪುಣ್ಯಾತ್ಮರು ಕೊನೆಯ ನಿಲ್ದಾಣದವರೆಗೆ ಗೊರಕೆ ಹೊಡೆದರು. ಅವರನ್ನು ಅಲ್ಲಿ ನಾನೇ ಎಬ್ಬಿಸಬೇಕಾಯಿತು. ಈ ಗಾಡಿಯಲ್ಲಿ ಸಾಗರಕ್ಕೆ ಹೋಗುವವರು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು, ಸಹಪ್ರಯಾಣಿಕರ ಸೌಜನ್ಯವನ್ನು ನಂಬಿ ಕಣ್ಣು ಮುಚ್ಚಬಾರದು. ಅಂದ ಹಾಗೆ, ಜನವರಿಯಲ್ಲಿ ಜೋಗಕ್ಕೆ ಹೋಗುವವರ ಉತ್ಸಾಹವೂ ನನಗೆ ಅರ್ಥವಾಗುವುದಿಲ್ಲ. ಮಳೆಗಾಲ ಕಳೆದ ಮೇಲೆ ಅಲ್ಲಿ ಕಾಣುವುದು ಹೆಚ್ಚಾಗಿ ಬಂಡೆಯೇ.

ತಾಳಗುಪ್ಪದಿಂದ ಬಸ್ಸಿನಲ್ಲಿ ಹಿಂದಿರುಗಿ, ಸಾಗರದಲ್ಲಿ ಇನ್ನೊಂದು ಬಸ್ಸು ಹಿಡಿದು, ಸೊರಬದ ಕಡೆಯ ಒಂದು ಅಡ್ಡರಸ್ತೆಯಲ್ಲಿ ಇಳಿಯುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿತ್ತು. ಎಂಬತ್ತನಾಲ್ಕು ವರ್ಷದ ಹಿರಿಯರೊಬ್ಬರು ಬೆಳಿಗ್ಗೆ ಎಂಟರಿಂದ ಆ ಅಡ್ಡರಸ್ತೆಯ ಕಲ್ಲಿನ ಮೇಲೆ ನನಗಾಗಿ ಕಾದು ಕುಳಿತಿದ್ದರು. ನಾನು ಕ್ಷಮೆ ಕೇಳುವ ಮೊದಲೇ ಎದ್ದು ನಿಂತು, ನನ್ನ ಮುಖವನ್ನು ನೋಡಿ, “ನಡಿಗೆ ಅಪ್ಪನದೇ. ಚಪ್ಪಲಿ ಮಾತ್ರ ತಪ್ಪು. ಈ ಕಾಲದಲ್ಲಿ ಇಲ್ಲಿಗೆ ಬೂಟು ಹಾಕಿಕೊಂಡು ಬರಬೇಕು ತಮ್ಮಾ” ಎಂದರು.

ಅವರನ್ನು ನಾವು ಮಕ್ಕಳೆಲ್ಲ ‘ಸೊರಬದ ಮಾವ’ ಎಂದೇ ಕರೆಯುತ್ತಿದ್ದೆವು. ರಕ್ತಸಂಬಂಧವೇನೂ ಇಲ್ಲ. ಅವರು ನನ್ನ ತಾಯಿಯನ್ನು ‘ಅಕ್ಕ’ ಎಂದು ಕರೆಯುತ್ತಿದ್ದುದರಿಂದ ನಮಗೆ ಮಾವನಾದರು. ಅಪ್ಪ 1961ರಿಂದ 1973ರವರೆಗೆ ಸಾಗರದಲ್ಲಿ, ಉಣುಗು (ರಕ್ತ ಹೀರುವ ಉಣ್ಣಿ) ಕಚ್ಚಿ ಹರಡುವ ಮಂಗನ ಕಾಯಿಲೆಯ ಸಂಶೋಧನೆಗಾಗಿ ಕಾಡು ಅಲೆಯುವ ಕೆಲಸದಲ್ಲಿದ್ದರು. ಆ ಹನ್ನೆರಡು ವರ್ಷವೂ ಅವರಿಗೆ ದಾರಿ ತೋರಿಸಲು, ಸಾಮಾನು ಹೊರಲು, ಊರಿನವರೊಡನೆ ಮಾತು ನಡೆಸಲು ಈ ಮಾವ ದಿನಗೂಲಿಯ ಮೇಲೆ ಜೊತೆಗಿದ್ದರು. ಆಮೇಲೆ ಅಪ್ಪ ತುಮಕೂರಿನ ಕಡೆ ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರಿದರು. ನಾನು ಬೆಳೆದದ್ದು ಅಲ್ಲಿಯೇ. ಮಾವ ವರ್ಷಕ್ಕೊಮ್ಮೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಹೊತ್ತುಕೊಂಡು ಬರುತ್ತಿದ್ದರು. ಅಪ್ಪ ತೀರಿಕೊಂಡ 2020ರಲ್ಲಿ ಲಾಕ್‌ಡೌನ್‌ನಿಂದಾಗಿ ಅವರು ಬರಲಾಗಲಿಲ್ಲ. ಆ ನೋವು ಅವರಲ್ಲಿ ಉಳಿದುಕೊಂಡಿತ್ತು. “ನಾನು ಇರುವಾಗಲೇ ಒಮ್ಮೆ ಬಂದು ಹೋಗು, ಹೇಳುವುದಿದೆ” ಎಂದು ಮೂರು ವರ್ಷದಿಂದ ಫೋನಿನಲ್ಲಿ ಕರೆಯುತ್ತಲೇ ಇದ್ದರು.

ನನಗೆ ಗೊತ್ತಿದ್ದ ಅಪ್ಪ ಮಾತು ಕಡಿಮೆಯ, ಮುಟ್ಟಿದರೆ ಸಿಡುಕುವ ಮನುಷ್ಯ. ಅವರ ನೀರಿನ ಲೋಟವನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ದೇವಸ್ಥಾನಕ್ಕೆ ಅಮ್ಮ ಹೊರಟರೆ ಅವರು ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವವರು. ಅವರು ನಮ್ಮನ್ನು ಎತ್ತಿ ಆಡಿಸಿದ್ದು ನೆನಪಿಲ್ಲ. ಆದರೆ ರಾತ್ರಿ ಮಲಗುವ ಮೊದಲು ಲಾಟೀನು ಹಿಡಿದು ನಮ್ಮ ಕಿವಿಯ ಹಿಂಭಾಗ, ಕತ್ತು, ಕಂಕುಳು, ಮೊಣಕಾಲಿನ ಸಂದುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ತುಮಕೂರಿಗೆ ಬಂದು, ಮನೆಗೆ ವಿದ್ಯುತ್ ದೀಪ ಬಂದ ಮೇಲೂ ಈ ತಪಾಸಣೆ ನಿಲ್ಲಲಿಲ್ಲ. ಅಣ್ಣ ಇದಕ್ಕೆ ‘ಜಾನುವಾರು ಜಾತ್ರೆ’ ಎಂದು ಹೆಸರಿಟ್ಟಿದ್ದ.

ಮಾವನ ಮನೆಯ ಜಗಲಿಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಹಸೆ ಚಿತ್ತಾರವಿತ್ತು. ಪುಂಡಿನಾರಿನ ಕುಂಚದಿಂದ ಸೊಸೆ ಬರೆದದ್ದಂತೆ. ಪೇಟೆಯ ಹೋಟೆಲುಗಳಲ್ಲಿ ಎನಾಮಲ್ ಬಣ್ಣದಲ್ಲಿ ಬಳಿದಿರುವ ಚಿತ್ತಾರವನ್ನು ನೋಡಿ ಮೂಗು ಮುರಿದಿದ್ದ ನನಗೆ ಈ ಗೋಡೆಯ ಮುಂದೆ ಕುಳಿತದ್ದೇ ಒಂದು ಸುಖವಾಯಿತು. ಅಕ್ಕಿರೊಟ್ಟಿ, ಬಸಳೆ ಸಾರು ಮುಗಿದ ಮೇಲೆ ಮಾವ ಕವಳ ಹಾಕಿಕೊಂಡು ಕಾಲು ಚಾಚಿದರು. ನನ್ನ ಮೂರು ದಿನದ ಪ್ರವಾಸದಲ್ಲಿ ಬರೆಯುವಂಥದ್ದು ನಡೆದದ್ದು ಆ ಮಧ್ಯಾಹ್ನ ಮಾತ್ರ.

“ನಿನ್ನಪ್ಪನಿಗೆ ಇಲ್ಲಿ ಏನಂತ ಹೆಸರಿತ್ತು ಗೊತ್ತೋ? ಉಣುಗಿನ ಸಾಹೇಬರು.”

ಮನೆಯಿಂದ ಬೆಟ್ಟದ ಕಡೆ ಕೈ ತೋರಿಸುತ್ತಾ ಅವರು ಹೇಳಿದರು: ಆ ದಿಕ್ಕಿನಲ್ಲೇ ಕ್ಯಾಸನೂರಿನ ಕಾಡು. 1957ರ ಬೇಸಿಗೆಯಲ್ಲಿ ಅಲ್ಲಿ ಮಂಗಗಳು ಮರದಿಂದ ಉದುರಿ ಸಾಯತೊಡಗಿದವು. ಜೊತೆಗೇ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಮಂಗ ಸಾಯುತ್ತಿದೆ ಎಂದ ಕೂಡಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದು ಹಳದಿ ಜ್ವರವಿರಬಹುದೇ ಎಂದು ಗಾಬರಿಯಾದರು. ಆ ಜ್ವರ ಏಷ್ಯಾದಲ್ಲಿ ಅದುವರೆಗೆ ಕಾಣಿಸಿಕೊಂಡಿರಲಿಲ್ಲ. ಪರೀಕ್ಷಿಸಿದಾಗ ಸಿಕ್ಕಿದ್ದು ರಷ್ಯಾದ ಕಾಡುಗಳ ಉಣುಗಿನ ಜ್ವರಕ್ಕೆ ಹತ್ತಿರದ, ಆದರೆ ಹೊಸದೇ ಆದ ವೈರಸ್. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ತಂದಿರಬಹುದೇ ಎಂಬ ಅನುಮಾನದಿಂದ ಹಕ್ಕಿಗಳನ್ನೂ ಹಿಡಿದು ನೋಡಿದರು. ಕಾಯಿಲೆಗೆ ಜಗತ್ತಿನ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರೇ ಉಳಿಯಿತು. “ನಮ್ಮೂರ ಕಡೆಯ ಹೆಸರು ಅಮೆರಿಕಕ್ಕೂ ಹೋಯಿತು, ಹೋಗಿದ್ದು ಇಂಥದ್ದಕ್ಕೆ” ಎಂದು ಮಾವ ನಕ್ಕರು.

ಅಪ್ಪನ ಕೆಲಸವನ್ನು ಅವರು ಎದ್ದು ನಿಂತು, ಹೆಗಲ ಮೇಲಿನ ಟವೆಲನ್ನು ಅಂಗಳದ ನೆಲಕ್ಕೆ ಹಾಸಿ ಮಾಡಿ ತೋರಿಸಿದರು. ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚನ್ನು ಕೋಲಿಗೆ ಕಟ್ಟಿ, ಕೋಲಿಗೆ ಹಗ್ಗ ಬಿಗಿದು, ಕಾಡಿನ ದರಗಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಹಾದುಹೋಗುವ ದನವೋ ಮನುಷ್ಯನೋ ಎಂದು ತಿಳಿದು ಎಲೆಯ ತುದಿಯಲ್ಲಿ ಕಾದಿದ್ದ ಉಣುಗುಗಳು ಬಟ್ಟೆಗೆ ಅಂಟಿಕೊಳ್ಳುತ್ತವೆ. ಹತ್ತಾರು ಹೆಜ್ಜೆಗೊಮ್ಮೆ ನಿಂತು, ಬಟ್ಟೆಯನ್ನು ಮಗುಚಿ, ಸಾಸಿವೆಗಿಂತ ಚಿಕ್ಕದಾದ ಅವುಗಳನ್ನು ಚಿಮಟದಿಂದ ಒಂದೊಂದಾಗಿ ಹಿಡಿದು ಗಾಜಿನ ಕೊಳವೆಗೆ ಹಾಕಿ, ಹತ್ತಿ ತುರುಕಿ, ಎಷ್ಟು, ಎಲ್ಲಿ, ಯಾವ ಹೊತ್ತು ಎಂದು ಬರೆದುಕೊಳ್ಳಬೇಕು. ನವೆಂಬರಿನಿಂದ ಮಳೆ ಬೀಳುವವರೆಗೂ ಇದೇ. “ಊರ ಹೆಂಗಸರು, ಯಾರೋ ಹುಚ್ಚ ಕಾಡಿಗೆ ಪಂಚೆ ಒಗೆಯುತ್ತಾನೆ ಅಂತಿದ್ದರು. ನಿನ್ನಪ್ಪ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೇ ವರ್ಷ ಅವರೇ ದರಗು ಗುಡಿಸಲು ಹೋಗುವ ಮೊದಲು, ಸಾಹೇಬರೇ, ಇವತ್ತು ಯಾವ ಕಡೆ ಉಣುಗು ಕಡಿಮೆ ಅಂತ ಕೇಳಿಕೊಂಡು ಹೋಗುತ್ತಿದ್ದರು.”

ಕೊಟ್ಟಿಗೆಯ ತೊಲೆಯ ಸಂದಿನಿಂದ ಮಾವ ಒಂದು ಬಟ್ಟೆಯ ಗಂಟು ತೆಗೆದರು. ಅದರೊಳಗೆ ಅಪ್ಪನ ಚಿಮಟವಿತ್ತು. ಉಕ್ಕಿನದು, ಬೆರಳಿನುದ್ದ, ಹಿಡಿಯುವ ಕಡೆ ಹೊಳಪು ಹೋಗಿ ಮಸುಕಾಗಿತ್ತು. ಕರುವಿನ ಕಿವಿಯನ್ನು ಮಗುಚಿ, ಬೂದುಬಣ್ಣದ ಅವರೆಕಾಳಿನಂತೆ ಊದಿಕೊಂಡಿದ್ದ ಒಂದು ಉಣುಗನ್ನು ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ಹಿಸುಕದೆ, ತಿರುಚದೆ, ನೇರವಾಗಿ ಮೇಲಕ್ಕೆ ಎಳೆದರು. ಎಂಬತ್ತನಾಲ್ಕರ ಕೈ ಆ ಕ್ಷಣದಲ್ಲಿ ಒಂದಿಷ್ಟೂ ನಡುಗಲಿಲ್ಲ. “ಹಿಸುಕಿದರೆ ಅದರ ಹೊಟ್ಟೆಯಲ್ಲಿರುವುದೆಲ್ಲ ಗಾಯಕ್ಕೆ ಇಳಿಯುತ್ತದೆ ಅಂತ ಕಲಿಸಿದವರು ಅವರೇ. ವರ್ಗವಾಗಿ ಹೋಗುವ ದಿನ ಇದನ್ನು ಕೈಗೆ ಕೊಟ್ಟರು. ಸರ್ಕಾರದ ಸಾಮಾನಲ್ಲ, ಸ್ವಂತ ದುಡ್ಡಿನದು, ಹೆದರಬೇಡ ಅಂದರು.”

ಮಾವನಿಗೇ ಈ ಜ್ವರ ಬಂದ ವರ್ಷದ ಬಗ್ಗೆ ನಾನು ಕೇಳಿದೆ. ಅಮ್ಮ ಅದನ್ನು ಅರ್ಧಂಬರ್ಧ ಹೇಳಿದ್ದರು.

ಫೆಬ್ರವರಿ ತಿಂಗಳಂತೆ. ಬೆಳಿಗ್ಗೆ ಗದ್ದೆಯಲ್ಲಿ ಇದ್ದವರು ಮಧ್ಯಾಹ್ನಕ್ಕೆ ಏಳಲಾರದೆ ಮಲಗಿದರು. ಸೊಂಟ, ಕಾಲಿನ ಮೀನಖಂಡ, ತಲೆ, ಎಲ್ಲವನ್ನೂ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ನಾಲ್ಕನೆಯ ದಿನ ಮೂಗಿನಲ್ಲಿ ರಕ್ತ ಬಂದಾಗ ಅವರ ತಾಯಿ ಗೋಳಾಡಿದರು, ನೆರೆಯವರು ಅಂಗಳದಾಚೆಯೇ ನಿಂತರು. ಅಪ್ಪ ಕಾಡಿನ ಬಿಡಾರದಿಂದ ಸೈಕಲ್ಲಿನಲ್ಲಿ ಬಂದು ಒಂಬತ್ತು ರಾತ್ರಿ ಈ ಜಗಲಿಯ ಮೇಲೆಯೇ ಮಲಗಿದರಂತೆ. ಈ ಜ್ವರಕ್ಕೆ ಆಗಲೂ ನೇರವಾದ ಔಷಧವಿರಲಿಲ್ಲ, ಈಗಲೂ ಇಲ್ಲ. ನೀರು, ಗಂಜಿ, ವಿಶ್ರಾಂತಿ, ಎಚ್ಚರದ ಆರೈಕೆ, ಇಷ್ಟೇ. ನಾಲ್ಕು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದರು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. “ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಅಂತ ಎಷ್ಟು ಹೇಳಿದರೂ ಜನ ನಂಬಲಿಲ್ಲ ತಮ್ಮಾ. ಆಗ ನಿನ್ನಪ್ಪ ನಾನು ಕುಡಿದು ಇಟ್ಟ ಚೊಂಬನ್ನು ಎತ್ತಿ, ಎಲ್ಲರೂ ನೋಡುವಂತೆ ಅಂಗಳದ ನಡುವೆ ನಿಂತು, ಗಟಗಟ ಕುಡಿದುಬಿಟ್ಟರು. ಸಂಜೆಗೆ ನೆರೆಮನೆಯಿಂದ ಹಾಲು ಬಂತು.”

ನನಗೆ ಅಪ್ಪನ ಆ ಲೋಟ ನೆನಪಾಯಿತು. ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿದ, ಅಂಚಿನಲ್ಲಿ ಅವರ ಹೆಸರು ಕೆತ್ತಿದ ಸ್ಟೀಲ್ ಲೋಟ. ತಂಗಿ ಒಮ್ಮೆ ಅದರಲ್ಲಿ ನೀರು ಕುಡಿದದ್ದಕ್ಕೆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಇದನ್ನು ಹೇಳಿದರೆ ಮಾವ ನಂಬಲಿಲ್ಲ. “ಬೇರೆ ಯಾರದೋ ಹೇಳುತ್ತೀಯ” ಎಂದರು.

ಜ್ವರ ಇಳಿದ ಎರಡು ವಾರದ ಮೇಲೆ, ಮೊದಲೇ ಎಚ್ಚರಿಸಿದ್ದರೂ ಕೇಳದೆ ಗದ್ದೆಗೆ ಹೋದ ಮಾವನಿಗೆ ಅದು ಮರುಕಳಿಸಿತಂತೆ, ಈ ಸಲ ತಲೆಶೂಲೆ ಮತ್ತು ಕೈನಡುಕದೊಂದಿಗೆ. ಅಪ್ಪ ಬೈದದ್ದು ಅದೊಂದೇ ಸಲ. ಯಾವ ಶಬ್ದದಲ್ಲಿ ಬೈದರೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ಸೊಸೆ ಒಳಗಿದ್ದಾಳೆ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು.

ಬಿಸಿಲು ತಗ್ಗಿದ ಮೇಲೆ ಕಾಡಿನ ಅಂಚಿನವರೆಗೆ ಹೋದೆವು. ಹೊರಡುವ ಮೊದಲು ಮೊಮ್ಮಗನ ಬೂಟು, ಉದ್ದನೆಯ ಕಾಲುಚೀಲ ಕೊಟ್ಟು ಪ್ಯಾಂಟನ್ನು ಅದರೊಳಗೆ ಸೇರಿಸಲು ಹೇಳಿದರು. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಸಿದರು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಕಡೆ ಚಾರಣಕ್ಕೆಂದು ಚಡ್ಡಿ ತೊಟ್ಟು ಬರುವವರು ಇಷ್ಟನ್ನಾದರೂ ಪಾಲಿಸಬೇಕು, ದರಗಿನ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳಬಾರದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಮತ್ತೆ ಜನರನ್ನು ಬಲಿ ತೆಗೆದುಕೊಂಡಾಗ ಅಪ್ಪ ಪತ್ರಿಕೆಯ ಆ ಪುಟಗಳನ್ನು ಕತ್ತರಿಸಿ ಇಡುತ್ತಿದ್ದರು, ಯಾರಿಗೋ ಫೋನು ಮಾಡಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಆ ‘ಯಾರೋ’ ಮಾವನೇ ಎಂದು ನನಗೆ ಗೊತ್ತಾದದ್ದು ಈಗ.

ಕಾಡಿನ ಅಂಚಿನಲ್ಲಿ ಹೆಂಚಿನ ಮಾಡಿನ ಸಣ್ಣ ಹನುಮಂತನ ಗುಡಿಯಿದೆ. ಅದರ ಕಟ್ಟೆಯನ್ನು ತೋರಿಸಿ ಮಾವ ನಿಂತರು. ಒಂದು ಬೇಸಿಗೆಯಲ್ಲಿ ಆ ಕಟ್ಟೆಯ ಮೇಲೆಯೇ ಮುಸಿಯವೊಂದು ಸತ್ತುಬಿದ್ದಿತ್ತು. ಸತ್ತ ಮಂಗದ ಮೈ ತಣ್ಣಗಾದಂತೆ ಉಣುಗುಗಳು ಅದನ್ನು ಬಿಟ್ಟು ಕೆಳಗಿಳಿಯುತ್ತವೆ. ಆದ್ದರಿಂದ ಬೇಗ ಚೀಲಕ್ಕೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಸಾಗರಕ್ಕೆ ಒಯ್ಯಬೇಕು. ಅಷ್ಟರಲ್ಲಿ ಊರಿನ ಮುದುಕಿಯೊಬ್ಬಳು ಅಡ್ಡ ಕುಳಿತಳು. ಆಂಜನೇಯನನ್ನು ಕೊಯ್ಯಲು ಬಿಡುವುದಿಲ್ಲ ಎಂದಳು. ಅಪ್ಪ ವಾದ ಮಾಡಲಿಲ್ಲವಂತೆ. ಜನರನ್ನೆಲ್ಲ ದೂರ ಸರಿಸಿ, ಅವಳು ತಂದಿದ್ದ ತುಳಸಿ ನೀರನ್ನು ಈಸಿಕೊಂಡು, ಕೈಗವಸು ತೊಟ್ಟ ಕೈಯಿಂದ ಮುಸಿಯದ ಬಾಯಿ ಬಿಡಿಸಿ ಮೂರು ಸಲ ಬಿಟ್ಟರು. “ಅಜ್ಜಿ, ಇದನ್ನು ಕೊಯ್ದು ನೋಡಿದರೆ ನಿನ್ನ ಮೊಮ್ಮಕ್ಕಳು ಉಳಿಯುತ್ತಾರೆ. ನಾನು ಒಯ್ಯುವ ಒಂದೊಂದು ಮಂಗಕ್ಕೂ ಇಲ್ಲಿ ಒಂದೊಂದು ಕಾಯಿ ಒಡೆಸುತ್ತೇನೆ” ಎಂದರು. ಅಜ್ಜಿ ಎದ್ದಳು.

“ಒಡೆಸಿದರೇ?” ಎಂದೆ. ನನ್ನ ದನಿಯಲ್ಲಿ ಅನುಮಾನವಿತ್ತು.

“ಮಾತು ಕೊಟ್ಟ ಮೇಲೆ? ಉಣುಗಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲೇ ಕಾಯಿಯ ಲೆಕ್ಕ ಬರೆದಿದ್ದರು. ಒಳಗೆ ಬರುತ್ತಿರಲಿಲ್ಲ, ಈ ಕಲ್ಲಿನ ಹತ್ತಿರ ನಿಂತು ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ನಲವತ್ತೊಂದು ಮಂಗ, ನಲವತ್ತು ಕಾಯಿ. ಕೊನೆಯದು ಸಿಕ್ಕಿದ್ದು ಅವರು ಹೊರಡುವ ವಾರ. ಗಡಿಬಿಡಿಯಲ್ಲಿ ಆ ಒಂದು ಉಳಿದುಹೋಯಿತು.”

ಮನೆಗೆ ಬಂದೊಡನೆ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿಸಿ, ಹಂಡೆಯ ಒಲೆಯ ಪಕ್ಕದಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಮೊಮ್ಮಗನ ಮೊಬೈಲಿನ ಬೆಳಕಿನಲ್ಲಿ ಮಾವ ನನ್ನ ಕಿವಿಯ ಹಿಂಭಾಗ ನೋಡಿದರು. ಐವತ್ತೆಂಟು ವರ್ಷದ ನಾನು ಕತ್ತು ಬಗ್ಗಿಸಿ ಕುಳಿತೆ. ಅಪ್ಪನಂತೆಯೇ ಎಡಗಿವಿಯಿಂದ ಆರಂಭಿಸಿದರು.

ಮರುದಿನವೆಲ್ಲ ನೆಂಟರಿಷ್ಟರ ಮನೆಗಳಲ್ಲಿ ಚಹಾ ಕುಡಿಯುವುದರಲ್ಲಿ ಕಳೆಯಿತು. ಮೂರನೆಯ ದಿನ ಅಡ್ಡರಸ್ತೆಯ ಕಲ್ಲಿನವರೆಗೆ ಬಂದ ಮಾವ ಅಮ್ಮನಿಗೆಂದು ಉಪ್ಪಿನಕಾಯಿ ಡಬ್ಬಿ, ತಮ್ಮ ಮರದ ನಾಲ್ಕು ತೆಂಗಿನಕಾಯಿಗಳಿದ್ದ ಚೀಲ ಕೊಟ್ಟರು. ನಾನು, ಇದರಲ್ಲಿ ಒಂದನ್ನು ತಿರುಗಿ ಕೊಡುತ್ತೇನೆ, ಅಪ್ಪನ ಹೆಸರಿನಲ್ಲಿ ಹನುಮಂತನಿಗೆ ಒಡೆಸಿಬಿಡಿ ಎಂದೆ.

“ಅದನ್ನು ನಾನು ಮಾರನೇ ಶನಿವಾರವೇ ತೀರಿಸಿದೆ. ಹನುಮಂತನಿಗೆ ಬಾಕಿ ಏನೂ ಇಲ್ಲ, ಬರಬೇಕಾದ್ದು ನನಗೆ. ಎಂಟಾಣೆ. ಫೋನಿನಲ್ಲಿ ಪ್ರತಿ ಸಲವೂ ಕೇಳುತ್ತಿದ್ದೆ, ಬಂದಾಗ ಕೊಡುತ್ತೇನೆ ಅನ್ನುತ್ತಿದ್ದರು.”

ನಾನು ಜೇಬಿಗೆ ಕೈ ಹಾಕಿದೆ. ಹತ್ತರ ನೋಟು ನೋಡಿ ಅವರು ತಲೆಯಾಡಿಸಿದರು. “ಚಿಲ್ಲರೆ ಇಲ್ಲ. ಇರಲಿ ಬಿಡು, ಮುಂದಿನ ಸಲ ಎಂಟಾಣೆಯೇ ಹುಡುಕಿಕೊಂಡು ಬಾ” ಎಂದು, ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿ, ಸಾಗರದಲ್ಲಿ ನನ್ನನ್ನು ಮರೆಯದೆ ಇಳಿಸಬೇಕೆಂದು ನಿರ್ವಾಹಕರಿಗೆ ಎರಡು ಸಲ ಹೇಳಿದರು.