ಮೂರು ಪಾಸ್‌ಪೋರ್ಟ್‌ಗಳ ಸಂಸಾರ

2006ರ ಡಿಸೆಂಬರ್‌ನಲ್ಲಿ ನಾವು ಮೂವರು ಚೀನಾದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮನೆಗೆ ಹೊರಟಾಗ ನಮ್ಮ ಕೈಯಲ್ಲಿ ಮೂರು ದೇಶಗಳ ಪಾಸ್‌ಪೋರ್ಟ್ ಇದ್ದವು. ನನ್ನದು ಅಮೆರಿಕದ್ದು. ನನ್ನ ಗಂಡನದು ಭಾರತದ್ದು. ಆಗಷ್ಟೇ ದತ್ತು ತೆಗೆದುಕೊಂಡ, ವರ್ಷ ತುಂಬಲು ಇನ್ನೂ ಸ್ವಲ್ಪ ದಿನ ಇದ್ದ ಮಗಳದು ಚೀನಾದ್ದು. ಅವಳದು ಹೊಚ್ಚ ಹೊಸದು. ಹೋದ ಕಡೆಯೆಲ್ಲ ಅಧಿಕಾರಿಗಳು ಮೂರನ್ನೂ ಸಾಲಾಗಿ ಇಟ್ಟುಕೊಂಡು ಒಮ್ಮೆ ಪುಸ್ತಕ, ಒಮ್ಮೆ ನಮ್ಮ ಮುಖ ನೋಡುತ್ತಿದ್ದರು. ಬಿಳಿಯ ಅಮೆರಿಕನ್ನರು ಚೀನೀ ಮಗು ಎತ್ತಿಕೊಂಡು ಬಂದರೆ ಅವರಿಗೆ ಅದು ದಿನನಿತ್ಯದ ನೋಟ. ನಮ್ಮಂಥ ಮೈಸೂರಿನ ಜೋಡಿ ಅವರ ಲೆಕ್ಕದಲ್ಲಿ ಇರಲಿಲ್ಲ.

ಮಗು ಸಿಕ್ಕಿದ್ದು ಜಿಯಾಂಗ್ಶಿ ಪ್ರಾಂತ್ಯದ ನಾನ್‌ಚಾಂಗ್ ಊರಿನಲ್ಲಿ. ಸರ್ಕಾರಿ ಕಚೇರಿಯ ಒಂದು ಹಾಲ್. ಅಲ್ಲಿ ಅನಾಥಾಲಯದ ಆಯಾಗಳು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಹೆಸರು ಕರೆದ ಹಾಗೆ ಒಂದೊಂದು ಮಗು ಒಂದೊಂದು ಜೋಡಿಯ ಕೈಗೆ. ನಮ್ಮ ಪುಟ್ಟಿಗೆ ಎಷ್ಟು ಅಂಗಿ ಹಾಕಿದ್ದರೆಂದರೆ ಅವಳ ಕೈ ಮಡಿಸೋಕೇ ಆಗುತ್ತಿರಲಿಲ್ಲ. ನಾನು ಕೈ ಚಾಚಿದೆ. ಅವಳು ನನ್ನ ಮುಖ ನೋಡಿ ಕಿರುಚಿದಳು. ಇವರು ಎತ್ತಿಕೊಂಡರು, ಸುಮ್ಮನಾದಳು. ಅಷ್ಟೇ. ಅಲ್ಲಿಂದ ಮುಂದೆ ಮನೆ ಸೇರುವವರೆಗೂ ಅವಳು ನನ್ನ ಹತ್ತಿರ ಬರಲಿಲ್ಲ. ಬಾಟಲಿ ನಾನು ಹಿಡಿದರೆ ಮುಖ ತಿರುಗಿಸುತ್ತಿದ್ದಳು, ಇವರು ಹಿಡಿದರೆ ಗಟಗಟ ಕುಡಿಯುತ್ತಿದ್ದಳು. ದತ್ತು ತೆಗೆದುಕೊಂಡವರು ಮೊದಲೇ ಹೇಳಿದ್ದರು, ಎಷ್ಟೋ ಮಕ್ಕಳು ಹೀಗೆ ಒಬ್ಬರನ್ನೇ ಹಿಡಿದುಕೊಳ್ಳುತ್ತವೆ, ಬೇಜಾರು ಮಾಡ್ಕೋಬೇಡಿ ಅಂತ. ಬೇಜಾರು ಮಾಡ್ಕೋಬೇಡಿ ಅಂದರೆ ಆಗದೆ ಇರುತ್ತಾ?

ಕಾಗದದಲ್ಲಿ ಮಾತ್ರ ಎಲ್ಲವೂ ನನ್ನ ಹೆಸರಿನಲ್ಲೇ ಇತ್ತು. ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು, ಅರ್ಜಿ ಅವರೇ ಹಾಕಬೇಕು. ನಾನು ಪ್ರಜೆಯಾಗಿ ಎರಡು ವರ್ಷವಾಗಿತ್ತು. ಇವರಿಗೆ ಗ್ರೀನ್ ಕಾರ್ಡ್ ಇತ್ತು, ಆದರೆ ನೀಲಿ ಪಾಸ್‌ಪೋರ್ಟ್ ಬಿಡೋಕೆ ಮನಸ್ಸಿರಲಿಲ್ಲ. ‘ಆಮೇಲೆ ನೋಡೋಣ’ ಎನ್ನುತ್ತಲೇ ವರ್ಷಗಳು ಕಳೆದಿದ್ದವು. ಹೀಗಾಗಿ ಮಗುವಿಗೆ ಬೇಕಾದವರು ಇವರು, ಸರ್ಕಾರಕ್ಕೆ ಬೇಕಾದವಳು ನಾನು.

ಚೀನಾದ ಯಾವ ಮೂಲೆಯಲ್ಲಿ ಮಗು ಸಿಕ್ಕಿದರೂ ಅಮೆರಿಕಕ್ಕೆ ಹೋಗುವವರು ಗುವಾಂಗ್ಝೌಗೆ ಬರಲೇಬೇಕಿತ್ತು. ದತ್ತು ಮಕ್ಕಳ ವೀಸಾ ಕೊಡುತ್ತಿದ್ದದ್ದು ಅಲ್ಲಿನ ಅಮೆರಿಕನ್ ಕಾನ್ಸುಲೇಟ್ ಮಾತ್ರ. ಆ ಊರಿನ ಷಾಮಿಯನ್ ಎಂಬ ಪುಟ್ಟ ದ್ವೀಪದಲ್ಲಿ ಎಲ್ಲರೂ ಇಳಿಯುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು, ಫ್ರೆಂಚರು ಹಂಚಿಕೊಂಡಿದ್ದ ಜಾಗ ಅದು. ಹಳೆಯ ಬಂಗಲೆಗಳು, ದೊಡ್ಡ ದೊಡ್ಡ ಆಲದ ಜಾತಿಯ ಮರಗಳು, ಪಕ್ಕದಲ್ಲಿ ಪರ್ಲ್ ನದಿ. ನದಿ ದಂಡೆಯಲ್ಲಿ ವೈಟ್ ಸ್ವಾನ್ ಹೋಟೆಲ್. ಅದರ ತಿಂಡಿ ಹಾಲ್‌ಗೆ ಬೆಳಿಗ್ಗೆ ಹೋದರೆ ಪ್ರತಿ ಟೇಬಲ್‌ನಲ್ಲೂ ಒಂದು ಚೀನೀ ಮಗು, ಎರಡು ನಿದ್ದೆಗೆಟ್ಟ ಮುಖ. ಅಕ್ಕಿ ಗಂಜಿಯ ದೊಡ್ಡ ಪಾತ್ರೆ ಇಡುತ್ತಿದ್ದರು. ಉಳಿದ ಅಪ್ಪ ಅಮ್ಮಂದಿರು ಅದನ್ನು ಅನುಮಾನದಿಂದ ನೋಡುತ್ತಿದ್ದರು. ನಾವು ಮಾತ್ರ ಎರಡು ಬಟ್ಟಲು ತಂದುಕೊಂಡೆವು, ಒಂದು ಪುಟ್ಟಿಗೆ, ಒಂದು ನಮಗೆ. ಉಪ್ಪಿನಕಾಯಿ ಒಂದಿದ್ದರೆ ಸಾಕಿತ್ತು.

ಆ ಹೋಟೆಲ್‌ನಲ್ಲಿ ಇಳಿದುಕೊಂಡ ದತ್ತು ಕುಟುಂಬಗಳಿಗೆಲ್ಲ ಒಂದು ಬಾರ್ಬಿ ಗೊಂಬೆ ಉಡುಗೊರೆ. ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ಹೊಂಬಣ್ಣದ ಕೂದಲಿನ ಬಾರ್ಬಿ, ಅವಳ ಕೈಯಲ್ಲಿ ಒಂದು ಚೀನೀ ಕೂಸು. ನಾನು ರೂಮಿನ ಕನ್ನಡಿಯ ಮುಂದೆ ಗೊಂಬೆ ಹಿಡಿದುಕೊಂಡು ನಿಂತೆ. ಗೊಂಬೆ ಮಾಡಿದವರಿಗೆ ಫ್ರೀಮಾಂಟ್‌ನ ಮೈಸೂರಿನವರ ಪರಿಚಯ ಇರಲಿಲ್ಲ, ಪಾಪ. ಇವರು ಮಾತ್ರ, ‘ಮಗುವಾದರೂ ಸರಿಯಾಗಿದೆಯಲ್ಲ’ ಎಂದರು.

ದ್ವೀಪದಲ್ಲೇ ಒಂದು ಕ್ಲಿನಿಕ್. ವೀಸಾಗೆ ಮುಂಚೆ ಮಗುವಿನ ತೂಕ, ಕಿವಿ, ಗಂಟಲು ನೋಡುತ್ತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದರೆ ಗೊತ್ತಿಲ್ಲದ ಅಜ್ಜಿಯರು ತಡೆದು ಪುಟ್ಟಿಯ ಪಾದ ಮುಟ್ಟಿ ನೋಡಿ ಬೈಯುತ್ತಿದ್ದರು. ಕಾಲುಚೀಲ ಸಾಲದು, ಟೋಪಿ ಎಲ್ಲಿ, ಅಂತ. ಭಾಷೆ ಬರದಿದ್ದರೂ ಬೈಗುಳ ಅರ್ಥವಾಗುತ್ತಿತ್ತು. ನಮ್ಮ ದೇವರಾಜ ಮಾರ್ಕೆಟ್‌ನಲ್ಲಿ ಬೋಳು ತಲೆಯ ಕೂಸನ್ನು ಬಿಸಿಲಿಗೆ ತಂದರೆ ಇಷ್ಟೇ ಬೈಸಿಕೊಳ್ಳಬೇಕಾಗುತ್ತದೆ. ಅದಕ್ಕೇ ನನಗೆ ಸಿಟ್ಟು ಬರಲಿಲ್ಲ.

ಕಾನ್ಸುಲೇಟ್‌ನ ಕೆಲಸಕ್ಕೆ ನಮ್ಮನ್ನೆಲ್ಲ ಬಸ್‌ನಲ್ಲಿ ಟಿಯಾನ್‌ಹೆ ಎಂಬ ಕಡೆಗೆ ಕರೆದುಕೊಂಡು ಹೋದರು. ಎಲ್ಲ ಅಪ್ಪ ಅಮ್ಮಂದಿರೂ ಒಟ್ಟಿಗೆ ಬಲಗೈ ಎತ್ತಿ, ಕೊಟ್ಟಿರುವ ಮಾಹಿತಿಯೆಲ್ಲ ನಿಜ ಎಂದು ಪ್ರಮಾಣ ಮಾಡಬೇಕು. ಮಕ್ಕಳ ಗಲಾಟೆಯಲ್ಲಿ ಅಧಿಕಾರಿಯ ಮಾತು ಅರ್ಧ ಕೇಳಿಸಲೇ ಇಲ್ಲ. ಆಮೇಲೆ ಪಾಸ್‌ಪೋರ್ಟ್‌ನಲ್ಲಿ ವೀಸಾ, ಜೊತೆಗೆ ಸೀಲ್ ಮಾಡಿದ ಒಂದು ಕಂದು ಲಕೋಟೆ. ಅದನ್ನು ನಾವು ಒಡೆಯುವಂತಿಲ್ಲ. ಸೂಟ್‌ಕೇಸಿಗೆ ಹಾಕುವಂತಿಲ್ಲ. ಅಮೆರಿಕದಲ್ಲಿ ಇಳಿದ ಕೂಡಲೇ ಇಮಿಗ್ರೇಷನ್‌ನವರ ಕೈಗೆ ಹಾಗೇ ಕೊಡಬೇಕು. ಮದುವೆ ಮನೆಯಲ್ಲಿ ತಾಳಿ ಕಾಯುವವರ ಹಾಗೆ ನಾನು ಆ ಲಕೋಟೆಯನ್ನು ಎದೆಗೆ ಅವಚಿಕೊಂಡೇ ಓಡಾಡಿದೆ. ಹೇಗೂ ಮಗು ನನ್ನ ಕೈಗೆ ಬರುತ್ತಿರಲಿಲ್ಲವಲ್ಲ, ಕೈ ಖಾಲಿ ಇತ್ತು.

ಲಕೋಟೆಯ ಒಳಗಿನದು ನೋಡಲಾಗದಿದ್ದರೂ ಚೀನಾದವರು ನಮಗೆ ಕೊಟ್ಟ ಕಾಗದಗಳು ನನ್ನ ಹತ್ತಿರ ಇದ್ದವು. ನಮ್ಮ ಮೂವರ ಫೋಟೋ ಅಂಟಿಸಿದ ಕೆಂಪು ದತ್ತು ಪತ್ರ, ಹುಟ್ಟಿನ ಪತ್ರ, ಮಗು ಅನಾಥವೆಂದು ಹೇಳುವ ನೋಟರಿ ಪತ್ರ. ಕೊನೆಯದರಲ್ಲಿ ಅವಳ ಹಿಂದಿನ ಬದುಕಿನ ಬಗ್ಗೆ ಇದ್ದದ್ದು ಒಂದೇ ಸಾಲು. ಇಂಥ ದಿನ, ಇಂಥ ಆಸ್ಪತ್ರೆಯ ಗೇಟಿನ ಬಳಿ ಸಿಕ್ಕಿತು, ಹೆತ್ತವರು ಪತ್ತೆಯಾಗಿಲ್ಲ. ಆ ಸಾಲನ್ನು ನಾನು ಹೋಟೆಲ್‌ನಲ್ಲಿ ಎಷ್ಟೋ ಸಲ ಓದಿದೆ. ಒಂದೇ ಮಗು ಎಂಬ ನಿಯಮವಿದ್ದ ದೇಶ, ಗಂಡು ಬೇಕೆನ್ನುವ ಹಳ್ಳಿಗಳು, ಎರಡನೆಯದಕ್ಕೆ ದಂಡ. ಕಾರಣ ಊಹಿಸುವುದು ಕಷ್ಟವಲ್ಲ. ಆದರೆ ಅದರ ಹಿಂದಿನ ವರ್ಷವೇ ಹುನಾನ್ ಪ್ರಾಂತ್ಯದ ಹೆಂಗ್ಯಾಂಗ್‌ನಲ್ಲಿ ಅನಾಥಾಲಯಗಳು ದುಡ್ಡು ಕೊಟ್ಟು ಕೂಸುಗಳನ್ನು ಕೊಂಡ ಪ್ರಕರಣ ಬಯಲಾಗಿತ್ತು. ಜೈಲೂ ಆಗಿತ್ತು. ನಮ್ಮದು ಬೇರೆ ಪ್ರಾಂತ್ಯ ಎಂದು ನಾನು ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ಸಮಾಧಾನವಲ್ಲ ಅಂತ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಒಂದು ಕಡೆ ಒಬ್ಬಳು ತಾಯಿ ಇದ್ದಾಳೆ. ಅವಳ ಕೈಯಲ್ಲಿ ಯಾವ ಕಾಗದವೂ ಇಲ್ಲ, ನನ್ನ ಹತ್ತಿರ ಒಂದು ಕಂತೆಯೇ ಇದೆ.

‘ನಮ್ಮ ಮೈಸೂರಲ್ಲಿ ಮಕ್ಕಳಿಲ್ವೇನೇ, ಅಷ್ಟು ದೂರ ಯಾಕೆ ಹೋಗ್ತೀರಾ?’ ಅಂತ ಅಮ್ಮ ಮೊದಲೇ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಊರಲ್ಲಿ ವಿಚಾರಿಸದೆ ಇರಲಿಲ್ಲ. ಅರ್ಜಿ ಎಲ್ಲಿ ನಿಂತಿದೆ ಅಂತ ಹೇಳುವವರೇ ಅಲ್ಲಿ ಸಿಗಲಿಲ್ಲ. ಚೀನಾದ್ದು ಎಲ್ಲವೂ ಬೀಜಿಂಗ್‌ನ ಒಂದೇ ಕೇಂದ್ರದ ಮೂಲಕ ನಡೆಯುತ್ತಿತ್ತು. ನಿಮ್ಮ ಸರದಿ ಸುಮಾರು ಯಾವಾಗ ಬರಬಹುದು ಅಂತಲಾದರೂ ತಿಳಿಯುತ್ತಿತ್ತು. 2005 ಒಂದೇ ವರ್ಷ ಸುಮಾರು 7,900 ಮಕ್ಕಳು ಹಾಗೆ ಅಮೆರಿಕಕ್ಕೆ ಬಂದಿದ್ದರು. ಅಮ್ಮನಿಗೆ ಈ ಲೆಕ್ಕವೆಲ್ಲ ರುಚಿಸಲಿಲ್ಲ. ಆದರೆ ಮಗುವಿನ ಫೋಟೋ ಕಳಿಸಿದ ಮೇಲೆ ಪ್ರಶ್ನೆ ನಿಂತಿತು. ‘ಯಾಕೋ ತೆಳ್ಳಗಿದೆ’ ಎಂದಷ್ಟೇ ಹೇಳಿದಳು.

ಗುವಾಂಗ್ಝೌದಿಂದ ಹಾಂಗ್‌ಕಾಂಗ್‌ಗೆ ರೈಲು, ಎರಡು ಗಂಟೆ. ಗಡಿ ದಾಟುವ ರೈಲಾದ್ದರಿಂದ ಹತ್ತುವ ಮುಂಚೆ ಒಂದು ತಪಾಸಣೆ, ಇಳಿದ ಮೇಲೆ ಇನ್ನೊಂದು. ಮೊದಲನೆಯ ಕೌಂಟರಿನಲ್ಲಿ ಕೂತಿದ್ದ ಹುಡುಗ ಮೂರು ಪಾಸ್‌ಪೋರ್ಟ್ ನೋಡಿ, ಪಕ್ಕದವನನ್ನು ಕರೆದ. ಅವನು ಇನ್ನೊಬ್ಬನನ್ನು ಕರೆದ. ಕೆಂಪು ದತ್ತು ಪತ್ರ ತೋರಿಸಿದೆ. ಅದರಲ್ಲಿನ ಫೋಟೋದಲ್ಲಿ ಪುಟ್ಟಿ ಅಳುತ್ತಿದ್ದಳು, ಆಗಲೂ ಅಳುತ್ತಿದ್ದಳು. ಬಹುಶಃ ಅದರಿಂದಲೇ ಗುರುತು ಸಿಕ್ಕಿತು. ಬಿಟ್ಟರು.

ವಿಮಾನದ ಹನ್ನೆರಡು ಗಂಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಹಾರಿದವರಿಗೆಲ್ಲ ಗೊತ್ತಿರುವುದೇ. ಅನಾಥಾಲಯದಲ್ಲಿ ಹಾಲನ್ನು ಸುಡುಸುಡು ಬಿಸಿ, ಅಕ್ಕಿ ಹಿಟ್ಟು ಕಲೆಸಿ ಗಟ್ಟಿಯಾಗಿ ಕೊಡುತ್ತಿದ್ದರು. ಉಗುರು ಬೆಚ್ಚಗಿನ ಹಾಲು ಕೊಟ್ಟರೆ ಅವಳು ಅವಮಾನ ಆದ ಹಾಗೆ ಉಗಿಯುತ್ತಿದ್ದಳು. ಬಿಸಿನೀರು ಕೇಳಿ ಕೇಳಿ ಗಗನಸಖಿ ನನ್ನನ್ನು ಕಂಡರೆ ಆ ಕಡೆ ತಿರುಗುವಂತಾಗಿತ್ತು. ಇವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಮುಂದೆ ನಡೆದೇ ಪೆಸಿಫಿಕ್ ದಾಟಿದರು. ಸುತ್ತಲಿದ್ದ ಅಮೆರಿಕನ್ನರು ನಯವಾಗಿ ನಕ್ಕು ಸುಮ್ಮನಿದ್ದರು. ಒಬ್ಬರು ತೆಲುಗಿನ ಆಂಟಿ ಮಾತ್ರ ಎದ್ದು ಬಂದು ನೇರವಾಗಿ ಕೇಳಿದರು, ‘ಯಾರ ಮಗು ಇದು?’ ನಮ್ಮದೇ ಎಂದೆ. ನನ್ನ ಮುಖ, ಇವರ ಮುಖ, ಮಗುವಿನ ಮುಖ ನೋಡಿದರು. ‘ಚೀನಾದಿಂದ ದತ್ತು ತಗೊಂಡಿದ್ದೀವಿ’ ಎಂದೆ. ‘ಹಾಗೆ ಹೇಳಿ ಮತ್ತೆ’ ಎಂದು ಅಲ್ಲೇ ಕೂತು, ಇವರ ಕೈಯಿಂದ ಮಗುವನ್ನು ತೆಗೆದುಕೊಂಡು ಬೆನ್ನು ತಟ್ಟತೊಡಗಿದರು. ಪುಟ್ಟಿ ಅವರ ಹೆಗಲ ಮೇಲೆ ನಿದ್ದೆ ಹೋದಳು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಗಂಟೆಯಲ್ಲಿ ನಾವಿಬ್ಬರೂ ಊಟ ಮಾಡಿದೆವು. ಅವರಿಗೆ ಪುಣ್ಯ ಬರಲಿ.

ಹೊರಟ ದಿನವೇ, ಹೊರಟ ಹೊತ್ತಿಗಿಂತ ಮುಂಚೆಯೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದೆವು. ಗಡಿಯಾರದ ಲೆಕ್ಕದಲ್ಲಿ ಪ್ರಯಾಣವೇ ನಡೆದಿಲ್ಲ. ಕೌಂಟರಿನಿಂದ ಪಕ್ಕದ ರೂಮಿಗೆ ಕಳಿಸಿದರು. ಆ ರೂಮು ನನಗೆ ಹೊಸದಲ್ಲ. ಎಚ್‌-1ಬಿ ವೀಸಾದ ದಿನಗಳಲ್ಲಿ ಏನೋ ಅನುಮಾನ ಬಂದು ಇಂಥದ್ದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ವೀಸಾ, ಅದರ ನವೀಕರಣ, ಗ್ರೀನ್ ಕಾರ್ಡ್‌ಗೆ ಕಾಯುವುದು, ಬೆರಳಚ್ಚು, ಪರೀಕ್ಷೆ ಎಲ್ಲ ಸೇರಿ ಪೌರತ್ವಕ್ಕೆ ನನಗೆ ಹತ್ತು ವರ್ಷ ಹಿಡಿದಿತ್ತು.

ಅಧಿಕಾರಿ ಲಕೋಟೆ ಒಡೆದರು. ‘ಅರ್ಜಿದಾರರು ಯಾರು?’ ಅಂತ ಕೇಳಿದರು. ನಾನು ಎದ್ದು ನಿಂತೆ. ‘ಮಗುವನ್ನು ಕರೆದುಕೊಂಡು ಇಲ್ಲಿ ಬನ್ನಿ.’ ಇವರ ಕೈಯಿಂದ ಮಗುವನ್ನು ತೆಗೆದುಕೊಂಡೆ. ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅವಳು ಕಿರುಚಿದಳು. ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಎರಡೂ ಕೈ ಇವರ ಕಡೆ ಚಾಚಿ. ನಾನೇ ತಾಯಿ ಅಂತ ಹೇಳುವ ಕಾಗದಗಳೆಲ್ಲ ಮೇಜಿನ ಮೇಲೆ ಹರಡಿದ್ದವು, ಮಗು ಮಾತ್ರ ಸಾಕ್ಷಿ ಹೇಳಲು ತಯಾರಿರಲಿಲ್ಲ. ಅಧಿಕಾರಿ ತಲೆ ಎತ್ತಿ ನೋಡಿ, ‘ಅಪ್ಪನೇ ಎತ್ತಿಕೊಳ್ಳಲಿ ಬಿಡಿ, ನನಗೂ ಮೂವರು ಮಕ್ಕಳು’ ಎಂದರು. ಠಪ್ ಎಂದು ಮುದ್ರೆ ಒತ್ತಿದರು.

2001ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಹೀಗೆ ದತ್ತು ಪೂರ್ತಿ ಮುಗಿಸಿಕೊಂಡು ಬರುವ ಮಗು ದೇಶದೊಳಗೆ ಬಂದ ಕ್ಷಣವೇ ಅಮೆರಿಕದ ಪ್ರಜೆ. ಪರೀಕ್ಷೆ ಇಲ್ಲ, ಪ್ರಮಾಣ ಇಲ್ಲ. ನನಗೆ ಹತ್ತು ವರ್ಷ ಆಗಿದ್ದು ಅವಳಿಗೆ ಅರ್ಧ ಗಂಟೆಯಲ್ಲಿ ಆಗಿತ್ತು. ಅಪ್ಪನಿಗಿಂತ ಮುಂಚೆ. ಹೊಟ್ಟೆಕಿಚ್ಚೇನೂ ಅಲ್ಲ. ಆದರೂ ಅಷ್ಟು ಸಲೀಸಾ, ಅಂತ ಒಂದು ಕ್ಷಣ ಅನ್ನಿಸಿತು.

ಹೊರಗೆ ಅಮ್ಮ ಕಾಯುತ್ತಿದ್ದಳು. ಮೈಸೂರಿನಿಂದ ಆಗಷ್ಟೇ ಬಂದು ನನ್ನ ತಮ್ಮನ ಜೊತೆ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ‘ಬಾಣಂತನ ಮಾಡೋಕೆ ಬಂದಿದೀನಿ’ ಎಂದು ಎಲ್ಲರಿಗೂ ಹೇಳಿಕೊಂಡು ಹೊರಟಿದ್ದಳಂತೆ. ಮನೆ ಬಾಗಿಲಲ್ಲಿ ಆರತಿ ಎತ್ತಿ, ದೃಷ್ಟಿ ತೆಗೆದು ಒಳಗೆ ಬಿಟ್ಟಳು. ಸೂಟ್‌ಕೇಸಿನಿಂದ ಬಜೆ, ಹರಳೆಣ್ಣೆ, ಬೆಳ್ಳಿ ಕಡಗ ಎಲ್ಲ ಹೊರಬಂತು. ಕೊನೆಗೆ ಬಾಣಂತಿ ಲೇಹ್ಯದ ಡಬ್ಬಿ. ‘ಇದ್ಯಾಕಮ್ಮ, ನಾನು ಹೆತ್ತಿಲ್ಲವಲ್ಲ’ ಎಂದೆ. ‘ಹೆರದಿದ್ರೇನು, ನಿದ್ದೆ ಕೆಟ್ಟಿದೀಯಲ್ಲ. ತಿನ್ನು’ ಎಂದಳು. ತಿಂದೆ. ಚೆನ್ನಾಗಿತ್ತು.

ಆಮೇಲಿನ ರಾತ್ರಿಗಳಲ್ಲಿ ಒಂದು ವಿಚಿತ್ರ ಅನುಕೂಲ ಆಯಿತು. ಚೀನಾಕ್ಕೂ ನಮ್ಮ ದೇಶಕ್ಕೂ ಎರಡೂವರೆ ಗಂಟೆ ಮಾತ್ರ ವ್ಯತ್ಯಾಸ. ಫ್ರೀಮಾಂಟ್‌ನಲ್ಲಿ ನಡುರಾತ್ರಿ ಆದರೆ ಮೈಸೂರಿನಲ್ಲಿ ಮಧ್ಯಾಹ್ನ ಒಂದೂವರೆ, ನಾನ್‌ಚಾಂಗ್‌ನಲ್ಲಿ ಸಂಜೆ ನಾಲ್ಕು. ಅಜ್ಜಿಗೂ ನಿದ್ದೆ ಇಲ್ಲ, ಮೊಮ್ಮಗಳಿಗೂ ಇಲ್ಲ. ನಾವಿಬ್ಬರು ಸತ್ತ ಹಾಗೆ ಮಲಗಿರುತ್ತಿದ್ದೆವು. ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಅಮ್ಮ ಗಂಜಿ ಕಾಯಿಸಿ, ತುಪ್ಪ ಬಿಟ್ಟು, ಊರಿನ ಸಮಾಚಾರವನ್ನೆಲ್ಲ ಅವಳಿಗೆ ಹೇಳುತ್ತ ತಿನ್ನಿಸುತ್ತಿದ್ದಳು. ಯಾವ ಸೊಸೆ ಯಾರ ಜೊತೆ ಮಾತು ಬಿಟ್ಟಿದ್ದಾಳೆ ಅನ್ನುವುದು ನನಗಿಂತ ಮುಂಚೆ ಪುಟ್ಟಿಗೆ ಗೊತ್ತಾಗಿತ್ತು. ನನ್ನ ಹತ್ತಿರ ಅವಳು ತಾನಾಗಿ ಬಂದಿದ್ದು ಯುಗಾದಿ ಹೊತ್ತಿಗೆ. ಯಾವ ದಿನ ಅಂತ ನೆನಪಿಲ್ಲ. ಒಂದು ದಿನ ಬಂದು ಕಾಲು ಹಿಡಿದುಕೊಂಡಿದ್ದಳು, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

2024ರಲ್ಲಿ ಚೀನಾ ಹೊರದೇಶದವರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು, ಹತ್ತಿರದ ಸಂಬಂಧಿಕರಿಗೆ ಬಿಟ್ಟು. ಅಷ್ಟರಲ್ಲಿ 80 ಸಾವಿರಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ಬಂದಾಗಿತ್ತು. ಸುದ್ದಿ ಓದಿ ಪುಟ್ಟಿ, ಈಗ ನನಗಿಂತ ಎತ್ತರದವಳು, ಆ ನೋಟರಿ ಪತ್ರ ಕೊಡು ಎಂದು ಕೇಳಿದಳು. ಕೊಟ್ಟೆ. ಈಗ ಅದು ಅವಳ ಹತ್ತಿರವೇ ಇದೆ.

ಅವಳ ಪೌರತ್ವದ ಪ್ರಮಾಣಪತ್ರ ಬಫಲೋ ಊರಿನ ಕಚೇರಿಯಿಂದ ಅಂಚೆಯಲ್ಲಿ ಬಂದದ್ದು ನಾವು ಬಂದ ಕೆಲವು ವಾರಕ್ಕೆ. ಇವರು ಅದನ್ನು ಎರಡೆರಡು ಸಲ ಓದಿ ಫೈಲಿಗೆ ಹಾಕಿದರು, ಆ ವಾರವೇ ತಮ್ಮ ಅರ್ಜಿ ತುಂಬಲು ಕೂತರು. ಅದು ಮುಗಿಯಲು 2008 ಆಯಿತು. ಪ್ರಮಾಣವಚನ ಮುಗಿಸಿ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮ ನಕ್ಕಳು. ‘ಅಂತೂ ಅಳಿಯಂದ್ರೂ ಮಗಳ ದೇಶ ಸೇರಿದ್ರು ಅನ್ನು.’