ಐದು ಸ್ಟಾರ್, ಒಂದು ಲೋಟ ನೀರು

ರಿಟೈರ್ ಆಗಿ ಆರು ತಿಂಗಳಾಯಿತು. ಈಗ ಬರೆದರೆ ಮೆಮೊ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೆಡ್ ಕಾನ್‌ಸ್ಟೆಬಲ್ ಆಗಿದ್ದೆ. ಕೊನೆಯ ಎರಡು ವರ್ಷ ಬೆಂಗಳೂರಿನ ಒಂದು ಠಾಣೆಯ ರಿಸೆಪ್ಷನ್‌ನಲ್ಲಿ ಕೂತಿದ್ದೆ. ಮೊಣಕಾಲು ಹೋಗಿ ಬಂದೋಬಸ್ತ್‌ಗೆ ಆಗದವರಿಗೆ ಕೊಡುವ ಕುರ್ಚಿ ಅದು. ಎದುರು ಗೋಡೆಯಲ್ಲಿ ಲೋಕ ಸ್ಪಂದನದ ಕ್ಯೂಆರ್ ಕೋಡ್. ಠಾಣೆಗೆ ಬಂದವರು ಅದನ್ನು ಸ್ಕ್ಯಾನ್ ಮಾಡಿ, ಪೊಲೀಸರು ಹೇಗೆ ನಡೆದುಕೊಂಡರು ಅಂತ ತಿಳಿಸಬೇಕು. ಒಳ್ಳೆಯ ಯೋಚನೆಯೇ. ಆದರೆ ರೋಲ್ ಕಾಲ್‌ನಲ್ಲಿ "ನಿನ್ನೆ ಎಷ್ಟು ಬಂತು?" ಅಂತ ಕೇಳಲು ಶುರುವಾದ ಮೇಲೆ ಅದರ ರುಚಿ ಕೆಟ್ಟಿತು. ಪಾಸ್‌ಪೋರ್ಟ್ ವೆರಿಫಿಕೇಶನ್‌ನವರು ಸಿಕ್ಕರೆ ನಮಗೆ ಹಬ್ಬ. ಪರ್ಸ್ ಕಳೆದುಕೊಂಡವರಿಗೆ ಇ-ಲಾಸ್ಟ್‌ನಲ್ಲಿ ಆನ್‌ಲೈನ್ ದೂರು ಹಾಕಿಸಿ, ಫೋನ್ ಕೈಯಲ್ಲಿರುವಾಗಲೇ ಸ್ಕ್ಯಾನ್ ಮಾಡಿಸುತ್ತಿದ್ದೆ. ಗಲಾಟೆ ಕೇಸಿನವರನ್ನು ಯಾರೂ ಕೇಳುತ್ತಿರಲಿಲ್ಲ. ನಗರದ ಜನ ನಮ್ಮ ಬಗ್ಗೆ ಏನಂದುಕೊಂಡಿದ್ದಾರೆ ಅನ್ನುವುದು ಹೀಗೆ ಲೆಕ್ಕವಾಗುತ್ತಿತ್ತು. ಯೂನಿಫಾರ್ಮ್ ಇಲ್ಲದೆ ಟೀ ಅಂಗಡಿ ಮುಂದೆ ನಿಂತು ಕೇಳಿದರೆ ಲೆಕ್ಕ ಬೇರೆಯೇ.

ಒಂದು ಸಂಜೆ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. ಟ್ರಾಫಿಕ್ ಫೈನ್ ಬಾಕಿ ಇದೆ ಅಂತ ವಾಟ್ಸಾಪ್‌ಗೆ ಬಂದ ಫೈಲನ್ನು ಒತ್ತಿದ್ದಾರೆ. ಏನೋ ಇನ್‌ಸ್ಟಾಲ್ ಆಗಿದೆ. ಖಾತೆಯಿಂದ ಎರಡು ಸಲ ದುಡ್ಡು ಹೋಗಿದೆ. ಪೊಲೀಸರ ಹೆಸರಿನಲ್ಲೇ ಮೋಸ ಹೋಗಿ ಪೊಲೀಸರ ಹತ್ತಿರವೇ ಬಂದಿದ್ದರು. ಕೈ ನಡುಗುತ್ತಿತ್ತು. ಕೂರಿಸಿ ಒಂದು ಲೋಟ ನೀರು ಕೊಟ್ಟೆ. ಅಲ್ಲಿಯವರೆಗೆ ಸರಿಯಿತ್ತು.

ಆಮೇಲೆ ಬಿಳಿ ಹಾಳೆ ಕೊಟ್ಟೆ. "ಅರ್ಜಿ ಬರೀರಿ ಸಾರ್. ಆಮೇಲೆ ಸೈಬರ್ ಕೇಸ್ ನೋಡುವ ಸೆನ್ ಠಾಣೆಗೆ ಹೋಗುವಿರಂತೆ."

ತರಬೇತಿ ಶಾಲೆಯಿಂದ ನಾನು ಹೊತ್ತು ತಂದಿದ್ದು ಅದನ್ನೇ. ಕಾಗದ ಇಲ್ಲದೆ ಕೇಸಿಲ್ಲ. ಮಿಕ್ಕಂತೆ ಪರೇಡು, ಪಿಟಿ, ಲಾಠಿ ಡ್ರಿಲ್, ಐಪಿಸಿ ಕಂಠಪಾಠ. ಅಳುತ್ತಾ ಬಂದವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವ ಪೀರಿಯಡ್ಡೂ ಇದ್ದಿರಬಹುದು, ಪಿಟಿ ಸುಸ್ತಿಗೆ ನಾನು ನಿದ್ದೆ ಹೊಡೆದಿರಬೇಕು. ಆ ಕಂಠಪಾಠದ ಮೋಸದ ಸೆಕ್ಷನ್ 420 ಕೂಡ 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ 318 ಆಯಿತು. ಬಾಯಿಗೆ ಮಾತ್ರ ಇನ್ನೂ 420ಯೇ ಬರುತ್ತದೆ.

ಪಕ್ಕದಲ್ಲಿ ಹೊಸ ಬ್ಯಾಚಿನ ಹುಡುಗಿ ಕೂತಿದ್ದಳು. ಆ ಬ್ಯಾಚಿಗೆ ನಾವು ಇಟ್ಟ ಹೆಸರು ವಾಟ್ಸಾಪ್ ಬ್ಯಾಚ್. ಸೆಲ್ಯೂಟ್ ನೆಟ್ಟಗೆ ಹೊಡೆಯಲು ಬರಲ್ಲ, ಈಗಿನದು ಟ್ರೈನಿಂಗೇ ಅಲ್ಲ ಅಂತ ಬೈಯುತ್ತಿದ್ದೆವು. ಜನಕ್ಕಿಂತ ಜಾಸ್ತಿ ನಾವೇ ಬೈದಿದ್ದೇವೆ.

"ಸಾರ್, ಮೊದಲು ಇವರ ನೆಟ್ ಆಫ್ ಮಾಡಿಸಿ ಸೈಬರ್ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡೋಣ್ವಾ?" ಅಂದಳು.

"ಇರಮ್ಮಾ, ಅರ್ಜಿ ಆಗಲಿ."

ಮೇಷ್ಟ್ರು ಹಾಳೆಗೆ ಮಾರ್ಜಿನ್ ಎಳೆದರು. ಇವರಿಂದ, ಇವರಿಗೆ, ವಿಷಯ, ಮಾನ್ಯರೇ. ಮುತ್ತಿನಂಥ ಅಕ್ಷರ. ಮಧ್ಯೆ ಅವರ ಫೋನು ಟಿಣ್ ಅಂತಿತ್ತು. ಒಳಗೆ ಸಾಹೇಬರ ಮೀಟಿಂಗ್. "ಸೈಲೆಂಟ್‌ಗೆ ಹಾಕಿ ಸಾರ್" ಅಂದೆ. ಹಾಕಿದರು. ಎರಡು ಪುಟ ಮುಗಿಸಿ ಕೊಟ್ಟರು. ದುಡ್ಡು ಹೋದ ಟೈಮ್ ಬರೆದಿರಲಿಲ್ಲ, ವಾಪಸ್ ಕೊಟ್ಟೆ. ಟೈಮ್ ನೋಡಲು ಫೋನ್ ತೆಗೆದವರು ಹಾಗೇ ಕೂತುಬಿಟ್ಟರು.

ಮೂರನೇ ಮೆಸೇಜ್. 40,000. ಹನ್ನೊಂದು ನಿಮಿಷ ಹಿಂದೆ. ಅಂದರೆ ಅವರು ನನ್ನ ಬೆಂಚಿನ ಮೇಲೆ ಕೂತು "ಮಾನ್ಯರೇ" ಬರೆಯುತ್ತಿದ್ದಾಗ.

ಹುಡುಗಿ ನನ್ನನ್ನು ಕೇಳಲಿಲ್ಲ. ಅವರ ಫೋನ್ ತೆಗೆದುಕೊಂಡು ನೆಟ್ ಆಫ್ ಮಾಡಿದಳು. ತನ್ನ ಫೋನಿನಿಂದ 1930 ಹಚ್ಚಿದಳು. ಬ್ಯುಸಿ. ಮತ್ತೆ ಹಚ್ಚಿದಳು. ನಾನು ಸ್ಟೇಷನ್ ಫೋನಿನಿಂದ ಹಚ್ಚಿದೆ. ಅದೂ ಬ್ಯುಸಿ. ಗೋಡೆ ಗಡಿಯಾರ ನೋಡುವುದು, ಡಯಲ್ ಮಾಡುವುದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತದೆ, ಎಟಿಎಂನಿಂದ ತೆಗೆಯುವುದರೊಳಗೆ ಬ್ಯಾಂಕಿನವರು ತಡೆಯಬೇಕು. ಕೊನೆಗೆ ಅವಳಿಗೆ ಲೈನ್ ಸಿಕ್ಕಿತು. ದುಡ್ಡು ಹೋದ ವ್ಯವಹಾರದ ಗುರುತು, ಹನ್ನೆರಡು ಅಂಕಿಯ ಯುಟಿಆರ್ ನಂಬರನ್ನು ನಾನು ಓದಿ ಹೇಳಬೇಕಿತ್ತು. ಈಗ ನನ್ನ ಕೈ ನಡುಗುತ್ತಿತ್ತು. ಒಂದು ಅಂಕಿ ತಪ್ಪು ಓದಿದೆ, ಮೊದಲಿನಿಂದ ಓದಬೇಕಾಯಿತು.

ಎರಡನೇ ಸಲ ಹೋದ ದುಡ್ಡಿನಲ್ಲಿ ಸ್ವಲ್ಪವನ್ನು ಬ್ಯಾಂಕಿನವರು ತಡೆದರು. ಕೋರ್ಟ್ ಆರ್ಡರ್ ಆಗಿ ಅವರ ಕೈಗೆ ಬರಲು ತಿಂಗಳುಗಳೇ ಹಿಡಿದವು. ಆ 40,000 ಮಾತ್ರ ಸಿಗಲಿಲ್ಲ.

ಮಾರನೇ ದಿನ ಕ್ಯೂಆರ್ ಪಕ್ಕದಲ್ಲಿ "ದುಡ್ಡು ಹೋಗಿದ್ದರೆ ಮೊದಲು 1930, ಆಮೇಲೆ ಅರ್ಜಿ" ಅಂತ ಒಂದು ಬೋರ್ಡ್ ಹಾಕಿಸಿ ಅಂದೆ. ಮೇಲಿನಿಂದ ಡಿಸೈನ್ ಬರಬೇಕಂತೆ. ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದು ಅಂಟಿಸಿದೆ. ಇನ್‌ಸ್ಪೆಕ್ಷನ್ ದಿನ ಗೋಡೆ ಚಂದ ಕಾಣಲಿ ಅಂತ ಯಾರೋ ಕಿತ್ತರು. ಹುಡುಗಿ ಮತ್ತೆ ಅಂಟಿಸಿದಳು. ನಾನು ಬಿಡುವವರೆಗೆ ಹೀಗೇ ನಡೆದಿತ್ತು.

ವಾರದ ನಂತರ ಹಿಂಬರಹ, ಅಂದರೆ ಅರ್ಜಿಗೆ ಠಾಣೆ ಕೊಡುವ ಲಿಖಿತ ಉತ್ತರ, ಒಯ್ಯಲು ಮೇಷ್ಟ್ರು ಬಂದರು. ಒಂದು ಮಾತೂ ಬೈಯಲಿಲ್ಲ. ಹೋಗುವಾಗ ಗೋಡೆ ಹತ್ತಿರ ನಿಂತು ತಾವಾಗಿಯೇ ಸ್ಕ್ಯಾನ್ ಮಾಡಿದರು. ಮರುದಿನ ರೋಲ್ ಕಾಲ್‌ನಲ್ಲಿ ಸಾಹೇಬರು ಅದನ್ನು ಓದಿದರು. ಐದು ಸ್ಟಾರ್. ಕೆಳಗೆ ಒಂದೇ ಸಾಲು: "ಕುಡಿಯಲು ನೀರು ಕೊಟ್ಟರು."

ಚಪ್ಪಾಳೆ ಹೊಡೆಸಿದರು. ಅದು ಮೆಚ್ಚುಗೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಮೇಷ್ಟ್ರು ಮಾರ್ಕ್ಸ್ ಸುಮ್ನೆ ಕೊಡುವವರಲ್ಲ, ಅಲ್ವಾ?