ಸನ್ನತಿಯಿಂದ ಸುರಪುರಕ್ಕೆ: ಗಾಡಿ ಮಾತಾಡುವ ಮುಂಚೆ ಇದನ್ನು ಓದಿ

"ಸನ್ನತಿ ಅಂದ್ರ ಗುಡಿ ಅಷ್ಟೇ ರೀ. ಕನಗನಹಳ್ಳಿ ಬ್ಯಾರೆ ಊರು. ಅದಕ್ಕ ಬ್ಯಾರೆ ರೊಕ್ಕ ಆಗ್ತದ."

ಚಂದ್ರಲಾ ಪರಮೇಶ್ವರಿ ಗುಡಿ ಮುಂದೆ ನಿಂತು ಗಾಡಿಯವನು ಹೀಗೆ ಹೇಳಿದ. ಬೆಳಿಗ್ಗೆ ಹತ್ತೂವರೆ. ಆಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ನಾಲವಾರ ಸ್ಟೇಷನ್ ಹೊರಗೆ ಅವನ ಜೊತೆ 1,800 ರೂಪಾಯಿಗೆ ಮಾತಾಡಿದ್ದೆವು. ಸನ್ನತಿ ತೋರಿಸಿ, ಭೀಮಾ ನದಿ ದಾಟಿಸಿ, ಶಹಾಪುರಕ್ಕೆ ಬಿಡಬೇಕು ಅಂತ. ಈಗ ಎರಡು-ಮೂರು ಕಿಲೋಮೀಟರ್ ದೂರದ ಕನಗನಹಳ್ಳಿ ಬೌದ್ಧ ಸ್ತೂಪಕ್ಕೆ ಇನ್ನೂ 700 ಕೇಳಿದ. ಇಲ್ಲ ಅಂದರೆ ಸೀದಾ ಶಹಾಪುರಕ್ಕೇ ಹೊರಡುತ್ತೇನೆ ಅಂದ. ಜೊತೆಗೆ ಒಂದು ಮಾತು ಸೇರಿಸಿದ: "ಅಲ್ಲಿ ಏನದ ನೋಡ್ಲಾಕ? ಬರೀ ಕಲ್ಲು, ಇಟ್ಟಂಗಿ."

ನಾನೊಬ್ಬನೇ ಇದ್ದಿದ್ದರೆ ನಡೆದೇ ಹೋಗುತ್ತಿದ್ದೆ. ಆದರೆ ನನ್ನ ಜೊತೆ ಕಾಕಾ ಇದ್ದರು. ವಯಸ್ಸು 70, ಎರಡೂ ಮೊಣಕಾಲು ನೋವು. ವಾದ ಮಾಡಿ ಕೊನೆಗೆ 500 ಕೊಟ್ಟೆ. ದುಡ್ಡಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಈ ಕಡೆ ಹೋಗುವುದಾದರೆ ಗಾಡಿ ಹತ್ತುವ ಮುಂಚೆ ಒಂದೊಂದು ಜಾಗದ ಹೆಸರೂ ಬಾಯಿ ಬಿಟ್ಟು ಹೇಳಿ. ಚಂದ್ರಲಾ ಪರಮೇಶ್ವರಿ ಗುಡಿ, ಕನಗನಹಳ್ಳಿ ಸ್ತೂಪ, ಎರಡೂ ಕಡೆ ಕಾಯುವುದು, ಆಮೇಲೆ ಎಲ್ಲಿ ಬಿಡಬೇಕು. ಎಲ್ಲ ಸೇರಿ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದು, ಅವರ ಮುಂದೆಯೇ ಓದಿ. ಸಂಕೋಚ ಬೇಡ. "ಸನ್ನತಿ ತೋರಿಸಿ" ಅಂತ ಸುಮ್ನೆ ಅಂದುಬಿಟ್ಟರೆ ನಮಗಾದದ್ದೇ ನಿಮಗೂ ಆಗುತ್ತದೆ.

ನಾವು ಕಲಬುರಗಿಯವರು. ಕಾಕಾ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಸಮಾಜ ಪಾಠ ಮಾಡಿದವರು. ಅಶೋಕನ ಪಾಠವನ್ನು ಎಷ್ಟು ಸಲ ಮಾಡಿದ್ದಾರೋ ಲೆಕ್ಕವಿಲ್ಲ. ಆದರೂ ಒಮ್ಮೆಯೂ ಸನ್ನತಿ ನೋಡಿರಲಿಲ್ಲ. ಶಾಲೆಯಿಂದ ಮಕ್ಕಳನ್ನು ಹಂಪಿ, ಬಾದಾಮಿ, ಮೈಸೂರು ಅಂತ ಕರೆದುಕೊಂಡು ಹೋಗುತ್ತಿದ್ದರು. ನಮ್ಮದೇ ಜಿಲ್ಲೆಯ ಚಿತ್ತಾಪುರ ತಾಲೂಕಿನ ಈ ಊರಿಗೆ ಯಾರೂ ಹೋಗಲಿಲ್ಲ.

ಗುಡಿಯ ಬಗ್ಗೆ ಜಾಸ್ತಿ ಬರೆಯಲ್ಲ. ಹುಣ್ಣಿಮೆ, ಅಮಾವಾಸ್ಯೆ, ಜಾತ್ರೆ ದಿನಗಳಲ್ಲಿ ಹೋಗಬೇಡಿ, ಅಷ್ಟೇ. ನನಗೆ ನೂಕುನುಗ್ಗಲು ಕಂಡರೆ ಆಗುವುದಿಲ್ಲ. ಭಕ್ತಿಗಾಗಿ ಹೋಗುವವರಿಗೆ ಆ ದಿನಗಳೇ ಬೇಕಾಗಬಹುದು, ಅದು ಬೇರೆ ಮಾತು. ಆದರೆ ಆವರಣದಲ್ಲಿ ಒಂದು ಕ್ಷಣ ನಿಂತು ಇದನ್ನು ನೆನಪು ಮಾಡಿಕೊಳ್ಳಿ. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಗಿದ್ದು ಆಗ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕಲ್ಲಿನ ಎರಡೂ ಬದಿಗೆ ಬರಹ. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದಾರೆ. ಆ ತೂತಿನ ಜಾಗದಲ್ಲಿದ್ದ ಅಕ್ಷರಗಳು ಹೋಗಿಬಿಟ್ಟಿವೆ. ಹಾಗೆ ಮಾಡಿದವರನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ಪೀಠವಾಗಿ ದೇವರ ಕೆಳಗೆ ಇದ್ದದ್ದರಿಂದಲೇ ಆ ಕಲ್ಲು ನಮ್ಮ ಕಾಲದವರೆಗೂ ಉಳಿಯಿತು, ಅಲ್ವಾ?

ಈಗ ಕನಗನಹಳ್ಳಿ. ಪುರಾತತ್ವ ಇಲಾಖೆಯವರು 1994ರಿಂದ 2001ರವರೆಗೆ ಇಲ್ಲಿ ಅಗೆದರು. ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿನ ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸುತ್ತ ಹೊದಿಸಿದ್ದ ಸುಣ್ಣದ ಕಲ್ಲಿನ ಚಪ್ಪಡಿಗಳ ಮೇಲೆ ಬುದ್ಧನ ಜಾತಕ ಕಥೆಗಳಿವೆ, ಶಾತವಾಹನ ಅರಸರ ಚಿತ್ರಗಳಿವೆ. ಎಷ್ಟೋ ಚಪ್ಪಡಿಗಳು ಒಡೆದಿವೆ. ನಾವು ಹೋದಾಗ ತುಂಡುಗಳನ್ನು ಜೋಡಿಸುವ ಕೆಲಸ ನಡೆದಿತ್ತು. ಹಾಗಾಗಿ ಬೇಕಾದ ಕಡೆ ಓಡಾಡಲು ಬಿಡಲಿಲ್ಲ. ಕಾವಲಿನವರ ಹತ್ತಿರ ಸಮಾಧಾನದಿಂದ ಮಾತಾಡಿ. ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದವರು ಅವರೇ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಒಂದು ಕಲ್ಲು. ಅದರಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಛತ್ರಿ-ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿಯಲ್ಲಿ ಐದೇ ಅಕ್ಷರ: ರಾಯೋ ಅಸೋಕೋ. ಅಂದರೆ ರಾಜ ಅಶೋಕ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನುವ ಹೆಸರಿದೆ ಅಂತ ಕಾಕಾ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದರು. ಇಲ್ಲಿ ಹೆಸರಿನ ಜೊತೆ ಮುಖವೂ ಇದೆ.

ಕಾಕಾ ಮನೆಯಿಂದಲೇ ಬ್ರಾಹ್ಮಿ ವರ್ಣಮಾಲೆಯ ಒಂದು ಹಾಳೆ ತಂದಿದ್ದರು. ಅದನ್ನು ಹಿಡಿದುಕೊಂಡು ಒಂದೊಂದೇ ಅಕ್ಷರ ಹುಡುಕಿದರು. ಬ್ರಾಹ್ಮಿಯ 'ರ' ಅಂದರೆ ಒಂದು ನೆಟ್ಟಗಿನ ಗೆರೆ. 'ಕ' ಅಂದರೆ ಕೂಡಿಸುವ ಚಿಹ್ನೆಯ ಹಾಗೆ. ಕೊನೆಯ 'ಕೋ' ಸಿಕ್ಕಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಏ ತಮ್ಮಾ, ನಮ್ಮ ಮನ್ಯಾಗ ಹಾಸಿದ ಪರಸಿ ಕಲ್ಲಿನ ಜಾತೀನೇ ನೋಡು ಇದು" ಅಂದರು. ನೀವೂ ಆ ಹಾಳೆ ತಗೊಂಡು ಹೋಗಿ. ಪುಸ್ತಕದಂಗಡಿ ಹುಡುಕಬೇಕಿಲ್ಲ, ಮೊಬೈಲಿನಲ್ಲಿ ಇಳಿಸಿಕೊಂಡರೂ ಆಯಿತು. ಎರಡು ಸಾವಿರ ವರ್ಷ ಹಿಂದಿನ ಬರಹವನ್ನು ತಾನೇ ಓದುವುದಕ್ಕೂ ಬೇರೆಯವರು ಓದಿ ಹೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಕುಡಿಯುವ ನೀರು, ಛತ್ರಿ ಜೊತೆಗಿರಲಿ. ನಮಗೆ ಅಲ್ಲಿ ಒಂದು ಚಹಾದ ಅಂಗಡಿಯೂ ಕಾಣಲಿಲ್ಲ.

ನದಿ ದಾಟಿ ಶಹಾಪುರಕ್ಕೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಗಾಡಿಯವನು ಊರ ಹೊರಗೇ ಇಳಿಸಿ ಹೋದ. ಹೊಟ್ಟೆ ಹಸಿದಿತ್ತು, ಮನಸ್ಸೂ ಕೆಟ್ಟಿತ್ತು. ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿ ಸಿಕ್ಕಿತು. ಹೊರಗೆ ದೊಡ್ಡ ಬೋರ್ಡ್ ಇಲ್ಲ. ತಗಡಿನ ಮಾಡು, ನಾಲ್ಕು ಟೇಬಲ್ಲು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆ ಸದ್ದು ಕೇಳಿದ ಕಡೆ ಕಣ್ಣು ಮುಚ್ಚಿಕೊಂಡು ಹೋಗಿ.

ಊಟ 70 ರೂಪಾಯಿ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಸವತೆಕಾಯಿ. ಆಮೇಲೆ ಅನ್ನ, ಬ್ಯಾಳಿ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿದ್ದರು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಹುಳಿ ಎಷ್ಟಿರಬೇಕೋ ಅಷ್ಟೇ ಇತ್ತು. ಹೋಟೆಲುಗಳಲ್ಲಿ ಪುಂಡಿ ಪಲ್ಯದ ಹುಳಿ ಮುಚ್ಚಲು ಖಾರ ಸುರಿದುಬಿಡುತ್ತಾರೆ. ಇಲ್ಲಿ ಹಾಗಿರಲಿಲ್ಲ. ಹಿಂಡಿ ಕುಟ್ಟಿದ್ದು ಒರಳಿನಲ್ಲಿ. ಶೇಂಗಾದ ಎಣ್ಣೆ ಬೆರಳಿಗೆ ಅಂಟುತ್ತಿತ್ತು. ಅದಕ್ಕೆ ಮೊಸರು ಕಲಸಿ ರೊಟ್ಟಿ ಅದ್ದಿದರೆ ಬೇರೆ ಯಾವ ಪಲ್ಯವೂ ಬೇಡ.

ರೊಟ್ಟಿ ಎಷ್ಟು ಬೇಕಾದರೂ ತಿನ್ನಬಹುದು. ಒಂದೊಂದೇ ತಂದು ಹಾಕುತ್ತಿದ್ದರು. ಕಟ್ಟಿ ಇಟ್ಟ ಒಣ ರೊಟ್ಟಿ ಅಲ್ಲ, ಹೆಂಚಿನಿಂದ ಇಳಿದದ್ದು. ಬಡಿಯುತ್ತಿದ್ದ ತಾಯಿ ಒಳಗಿನಿಂದಲೇ ಕೇಳಿದರು, "ಕಾಕಾರಿಗೆ ಹಲ್ಲು ಹೆಂಗ ಅವ? ಮೆತ್ತಂದು ಮಾಡ್ಲೇನ್ರಿ?" ಕಾಕಾಗೆ ಅಂತಲೇ ಸ್ವಲ್ಪ ದಪ್ಪಗೆ, ಮೆತ್ತಗೆ ಎರಡು ಮಾಡಿ ಕಳಿಸಿದರು. ನಾನು ನಾಲ್ಕು ತಿಂದೆ. ಎದ್ದು ದುಡ್ಡು ಕೊಡುವಾಗ ಎಲ್ಲಿಂದ ಬಂದಿರಿ ಅಂತ ವಿಚಾರಿಸಿದರು. ಸ್ತೂಪ ನೋಡಿ ಬಂದೆವು ಅಂದೆ. ಅವರು ಅದನ್ನು ನೋಡಿದ್ದರು! ಮಗಳ ಶಾಲೆಯವರ ಜೊತೆ ಹೋಗಿದ್ದರಂತೆ. "ಅಶೋಕ ರಾಜನ ಮಾರಿ ನೋಡೀರಿ?" ಅಂತ ಕೇಳಿದರು. ಬೆಳಗಿನ ಬೇಸರ ಪೂರ್ತಿ ಹೋಗಿದ್ದು ಆಗ. ಮೂರು ದಿನದಲ್ಲಿ ಅಲ್ಲಿ ಐದು ಸಲ ಊಟ ಮಾಡಿದೆವು.

ಉಳಿಯಲು ಹಿಡಿದ ಲಾಡ್ಜ್ ಬಗ್ಗೆ ಹೇಳುವಂಥದ್ದು ಕಡಿಮೆ. ರೂಮಿಗೆ 1,600. ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ, ಬಕೆಟ್ ತರಿಸಲು ಕೆಳಗೆ ಇಳಿಯಬೇಕು. ರೂಮು ಹಿಡಿಯುವ ಮುಂಚೆ ನಲ್ಲಿ ತಿರುಗಿಸಿ ನೋಡಿ. ಇಲ್ಲವೇ ಯಾದಗಿರಿಯಲ್ಲಿ ಉಳಿದುಕೊಂಡು ಬೆಳಿಗ್ಗೆ ಬಸ್ಸಿಗೆ ಬನ್ನಿ.

ಶಹಾಪುರದ ಹತ್ತಿರ ಹೆದ್ದಾರಿಯಲ್ಲಿ ಹೋಗುವಾಗ ಗುಡ್ಡಗಳ ಸಾಲು ನೋಡುತ್ತಾ ಇರಿ. ನಾಲ್ಕು ಗುಡ್ಡ ಸೇರಿ ಒಬ್ಬ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಕಾಲು, ಎಲ್ಲ ಗುರುತು ಹಿಡಿಯಬಹುದು. ಜನ ಇದನ್ನು ಮಲಗಿದ ಬುದ್ಧ ಅನ್ನುತ್ತಾರೆ. ಯಾರೂ ಕೆತ್ತಿದ್ದಲ್ಲ, ಬಂಡೆಗಳೇ ಹಾಗೆ ಕೂತಿವೆ. ಹತ್ತಿರ ಹೋಗಬೇಡಿ, ಹತ್ತಿರ ಹೋದರೆ ಬರೀ ಬಂಡೆ. ದೂರದಿಂದಲೇ ನೋಡಬೇಕು, ಅದೂ ಸೂರ್ಯ ಮುಳುಗುವ ಹೊತ್ತಿಗೆ, ಗುಡ್ಡದ ಅಂಚು ಕಪ್ಪಾದಾಗ. ಮುಂದೆ ಕಾಲುವೆ ನೀರಿನ ಭತ್ತದ ಗದ್ದೆ, ಹಿಂದೆ ಮಲಗಿದ ಮುಖ. ಬೈಕಿನಲ್ಲಿ ಹೋಗುವವರು ರಸ್ತೆ ಪೂರ್ತಿ ಬಿಟ್ಟು ಗಾಡಿ ನಿಲ್ಲಿಸಿ. ಲಾರಿಗಳು ಭಾರಿ ಜೋರಾಗಿ ಬರುತ್ತವೆ.

ಅಲ್ಲಿಂದ ಹತ್ತಿರದಲ್ಲೇ ವಿಭೂತಿಹಳ್ಳಿ. ಇದನ್ನು ನೋಡದೆ ಹೋಗುವವರೇ ಜಾಸ್ತಿ. ರಸ್ತೆಯಿಂದ ನೋಡಿದರೆ ಬಯಲಿನಲ್ಲಿ ಗುಂಡುಗಳು ಬಿದ್ದಿವೆ ಅನಿಸುತ್ತದೆ. ಒಳಗೆ ಹೋಗಿ ನಿಂತು ಸಾಲು ಹಿಡಿದು ನೋಡಿ. ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಅಳತೆ ಮಾಡಿ ಇಟ್ಟಿದ್ದಾರೆ. ಚೌಕದ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು, ಹೀಗೆ ಸಾಲಿನ ಮೇಲೆ ಸಾಲು. ಬೃಹತ್ ಶಿಲಾಯುಗದ ಜನ ಮಾಡಿದ್ದು. ಪುರಾತತ್ವ ಇಲಾಖೆಯವರು ಇದನ್ನು ಖಗೋಳ ವೀಕ್ಷಣಾಲಯ ಅಂತ ಕರೆದಿದ್ದಾರೆ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕು ನೋಡಿ ಕಾಲ ಲೆಕ್ಕ ಹಾಕುತ್ತಿದ್ದರು ಅನ್ನುವುದು ವಿದ್ವಾಂಸರ ಊಹೆ. ಕಾಕಾಗೆ ಇಲ್ಲಿ ತೊಂದರೆ ಆಗಲಿಲ್ಲ, ನೆಲ ಮಟ್ಟಸವಾಗಿದೆ. ಮಳೆಗಾಲದಲ್ಲಿ ಮಾತ್ರ ಕಷ್ಟ, ಎರೆ ಮಣ್ಣು ಚಪ್ಪಲಿ ಬಿಡುವುದಿಲ್ಲ. ದಯವಿಟ್ಟು ಕಲ್ಲಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಹಿಂದೆ ಕಟ್ಟಡದ ಕಲ್ಲಿಗಾಗಿ ಇಲ್ಲಿನ ಎಷ್ಟೋ ಗುಂಡುಗಳನ್ನು ಒಡೆದಿದ್ದಾರೆ. ಉಳಿದವಾದರೂ ಇದ್ದಲ್ಲೇ ಇರಲಿ.

ಸುರಪುರಕ್ಕೆ ಸರ್ಕಾರಿ ಬಸ್ಸಿನಲ್ಲೇ ಹೋದೆವು. ಆರಾಮಾಗಿ ಸೀಟು ಸಿಕ್ಕಿತು. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅನ್ನುವ ಬಂಗಲೆ ಇದೆ. ಕಾಲು ನೋವಿರುವವರು ಆಟೋ ಮಾಡಿಕೊಳ್ಳಿ, ಏರು ಜಾಸ್ತಿ. ಕರ್ನಲ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಬ್ರಿಟಿಷರ ಕಡೆಯಿಂದ ಇಲ್ಲಿದ್ದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನನ್ನು ನೋಡಿಕೊಂಡ. ಜನ ಅವನನ್ನು ಮಹಾದೇವ ಬಾಬಾ ಅನ್ನುತ್ತಿದ್ದರು, ವೆಂಕಟಪ್ಪ ಅಪ್ಪಾ ಅನ್ನುತ್ತಿದ್ದ. ಅದೇ ಹುಡುಗ ಬೆಳೆದು ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕಿ, 1858ರಲ್ಲಿ ಗುಂಡಿಗೆ ಬಲಿಯಾದ. ವಿಭೂತಿಹಳ್ಳಿಯ ಕಲ್ಲುಗಳ ಬಗ್ಗೆ ಮೊದಲು ಬರೆದವರಲ್ಲಿ ಈ ಟೇಲರ್ ಕೂಡ ಒಬ್ಬ. ಹಾಗಾಗಿ ವಿಭೂತಿಹಳ್ಳಿ ಮೊದಲು, ಸುರಪುರ ಆಮೇಲೆ, ಈ ಕ್ರಮದಲ್ಲೇ ಹೋಗಿ. ಬಂಗಲೆ ಅಂಗಳದಿಂದ ಇಡೀ ಊರು, ಸುತ್ತಲ ಬಂಡೆಗುಡ್ಡಗಳು ಕಾಣುತ್ತವೆ. ಕಾಕಾ ಅಲ್ಲಿ ಕಟ್ಟೆಯ ಮೇಲೆ ಕೂತು ಒಂದು ಗಂಟೆ ಏಳಲಿಲ್ಲ.

ಹುಣಸಗಿ ಕಡೆ ಇಸಾಂಪುರ ಅಂತ ಒಂದು ಹಳ್ಳಿ ಇದೆ. ಅಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿದೆ. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಓದಿಕೊಂಡು ಹೋಗದಿದ್ದರೆ ಕಣ್ಣಿಗೆ ಕಾಣುವುದು ಹೊಲ, ಕಲ್ಲು ಮಾತ್ರ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದಿಲ್ಲ, ಇಷ್ಟವಿರುವವರು ಹೋಗಿ.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ. ಮಾರ್ಚ್ ನಂತರ ಈ ಬಯಲಿನಲ್ಲಿ ಹತ್ತು ಗಂಟೆ ಮೇಲೆ ನಿಲ್ಲಲಾಗದು. ಹಳ್ಳಿ ಕಡೆ ಹೋದಾಗ ಬಸ್ಸಿಳಿದ ತಕ್ಷಣ ವಾಪಸ್ ಬಸ್ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ತಪ್ಪಿದರೆ ಟಂಟಂ ಗತಿ. ಅದರಲ್ಲಿ ಹನ್ನೆರಡು ಜನ ಕೂತಾಗ ಮೊಣಕಾಲು ನೋವಿನವರಿಗೆ ತುಂಬಾ ಕಷ್ಟ.

ನಮಗೆ ಉಳಿದುಹೋದದ್ದು ರಾಜನಕೋಳೂರು. ಚಪ್ಪಡಿ ಕಲ್ಲು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಮಾಡಿದ ಬೃಹತ್ ಶಿಲಾಯುಗದ ಗೋರಿಗಳು ಅಲ್ಲಿವೆ. ಹೊತ್ತು ಸಾಲಲಿಲ್ಲ. ದೀಪಾವಳಿ ಮುಗಿದ ಮೇಲೆ ಹೋಗೋಣ ಅಂತ ಕಾಕಾ ಆಗಲೇ ಹೇಳಿಟ್ಟಿದ್ದಾರೆ. ಈಚೆಗೆ ಯಾರಾದರೂ ಹೋಗಿಬಂದಿದ್ದರೆ, ಕೊಡೇಕಲ್‌ನಿಂದ ರಸ್ತೆ ಹೇಗಿದೆ, ಗಾಡಿ ಗೋರಿಗಳ ಹತ್ತಿರದವರೆಗೆ ಹೋಗುತ್ತದೆಯೋ, ಇಲ್ಲ ನಡೆಯಬೇಕೋ, ದಯವಿಟ್ಟು ತಿಳಿಸಿ.